ಮುಚ್ಚಿದ ಡಿಸ್ಟಿಲರಿಯ ಸಿಂಗಲ್ ಮಾಲ್ಟ್: ಅಪರೂಪದ ವಿಸ್ಕಿಯ ರುಚಿ ನೋಡುವ ಕ್ರಮ

ಮುಚ್ಚಿಹೋದ ಡಿಸ್ಟಿಲರಿಯ ಸಿಂಗಲ್ ಮಾಲ್ಟ್ ವಿಸ್ಕಿಯನ್ನು, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮಾಲ್ಟ್‌ನಿಂದ (ಮೊಳಕೆ ಬರಿಸಿದ ಬಾರ್ಲಿಯಿಂದ) ಮಾತ್ರ ಭಟ್ಟಿ ಇಳಿಸಿದ ವಿಸ್ಕಿಯನ್ನು, ಸವಿಯುವುದು ಉಳಿದ ಹಳೆಯ ವಿಸ್ಕಿಗಳನ್ನು ಸವಿಯುವುದಕ್ಕಿಂತ ಒಂದು ವಿಷಯದಲ್ಲಿ ಬೇರೆಯಾಗಿದೆ. ಮೂವತ್ತು ವರ್ಷ ಓಕ್ ಪೀಪಾಯಿಯೊಳಗೆ ಕಳೆದ ಯಾವ ವಿಸ್ಕಿಯಲ್ಲಾದರೂ ಮರದ ಕೊಡುಗೆ ದೊಡ್ಡದೇ ಆಗಿರುತ್ತದೆ. ಆದರೆ ಓಕ್ ಮರ ಇಂದಿಗೂ ಸಿಗುತ್ತದೆ. ಅದು ಕೊಡುವ ವೆನಿಲ್ಲಾ, ಒಣದ್ರಾಕ್ಷಿ, ಮೆರುಗೆಣ್ಣೆ ಹಚ್ಚಿದ ಹಳೆಯ ಮೇಜಿನಂಥ ಪರಿಮಳಗಳು ಈಗಲೂ ನಡೆಯುತ್ತಿರುವ ಹತ್ತಾರು ಡಿಸ್ಟಿಲರಿಗಳ ಹಳೆಯ ವಿಸ್ಕಿಗಳಲ್ಲಿಯೂ ಇವೆ. ಮತ್ತೆ ಸಿಗದಿರುವುದು ಆ ಒಂದು ಡಿಸ್ಟಿಲರಿಯ ತಾಮ್ರದ ಹಂಡೆಗಳಿಂದ ಇಳಿದ ಮೂಲ ಸ್ಪಿರಿಟ್‌ನ ಗುಣ ಮಾತ್ರ. ಅದನ್ನು ಗುರುತಿಸದೆ ಗ್ಲಾಸು ಬರಿದು ಮಾಡಿದವರು ಒಳ್ಳೆಯ ಹಳೆಯ ವಿಸ್ಕಿಯೊಂದನ್ನು ಕುಡಿದಿರುತ್ತಾರೆ, ಆ ಡಿಸ್ಟಿಲರಿಯನ್ನು ಕಂಡಿರುವುದಿಲ್ಲ. ಮುಂದೆ ಹೇಳುವ ಕ್ರಮಗಳೆಲ್ಲವೂ ಮರದ ಹಿಂದೆ ನಿಂತಿರುವ ಆ ಗುಣವನ್ನು ತಲುಪುವುದಕ್ಕಾಗಿಯೇ ಇವೆ.

ಮೊದಲು ಓದಿಕೊಳ್ಳಬೇಕಾದದ್ದು

ಬಾಟಲಿ ತೆರೆಯುವ ಮೊದಲು ಆ ಡಿಸ್ಟಿಲರಿ ಏನನ್ನು, ಯಾರಿಗಾಗಿ, ಹೇಗೆ ತಯಾರಿಸುತ್ತಿತ್ತು ಎಂಬುದನ್ನು ತಿಳಿದುಕೊಂಡಿರಬೇಕು. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಕಂಪನಿಗಳು ಬೇಡಿಕೆ ಏರುತ್ತಲೇ ಇರುತ್ತದೆ ಎಂದು ನಂಬಿ ಅಗತ್ಯಕ್ಕಿಂತ ಹೆಚ್ಚು ವಿಸ್ಕಿಯನ್ನು ಭಟ್ಟಿ ಇಳಿಸಿದವು. ತೈಲ ಬಿಕ್ಕಟ್ಟು, ಆರ್ಥಿಕ ಹಿಂಜರಿತ ಹಾಗೂ ವೋಡ್ಕಾದಂಥ ಬಿಳಿಯ ಮದ್ಯಗಳತ್ತ ತಿರುಗಿದ ಜನರ ಒಲವು ಒಟ್ಟಿಗೆ ಬಂದಾಗ ಗೋದಾಮುಗಳು ತುಂಬಿ ತುಳುಕಿದವು. ಅಂದಿನ ಅತಿ ದೊಡ್ಡ ಸಂಸ್ಥೆಯಾಗಿದ್ದ ಡಿಸ್ಟಿಲರ್ಸ್ ಕಂಪನಿ ಲಿಮಿಟೆಡ್ 1983 ಮತ್ತು 1985ರಲ್ಲಿ ಎರಡು ಕಂತುಗಳಲ್ಲಿ ಸುಮಾರು ಇಪ್ಪತ್ತು ಮಾಲ್ಟ್ ಡಿಸ್ಟಿಲರಿಗಳನ್ನು ಮುಚ್ಚಿತು. ಐಲಾ ದ್ವೀಪದ ಪೋರ್ಟ್ ಎಲೆನ್, ಸದರ್‌ಲ್ಯಾಂಡಿನ ಬ್ರೋರಾ, ಲಿನ್‌ಲಿತ್‌ಗೋ ಊರಿನ ಸೇಂಟ್ ಮ್ಯಾಗ್ಡಲೀನ್, ಬ್ಯಾನ್ಫ್, ಡಲ್ಲಾಸ್ ಧೂ ಇವು ಮೊದಲ ಕಂತಿನಲ್ಲಿ ಹೋದವು. ಗ್ಲೆನ್ಯೂರಿ ರಾಯಲ್, ಕಾನ್ವಾಲ್ಮೋರ್, ಕೋಲ್‌ಬರ್ನ್, ಮಿಲ್‌ಬರ್ನ್ ಎರಡನೆಯದರಲ್ಲಿ. ಫಾಲ್ಕರ್ಕ್ ಊರಿನ ರೋಸ್‌ಬ್ಯಾಂಕ್ 1993ರಲ್ಲಿ ಮುಚ್ಚಿತು. ಬೋಲಿಂಗ್ ಊರಿನ ಲಿಟ್ಲ್‌ಮಿಲ್ 1994ರಲ್ಲಿ ಉತ್ಪಾದನೆ ನಿಲ್ಲಿಸಿತು, ಅದರ ಅಳಿದುಳಿದ ಕಟ್ಟಡವನ್ನು 2004ರಲ್ಲಿ ಬೆಂಕಿ ಸುಟ್ಟಿತು.

ಈ ಇತಿಹಾಸವು ರುಚಿಗೆ ನೇರವಾಗಿ ಸಂಬಂಧಿಸಿದೆ. ಇವುಗಳಲ್ಲಿ ಬಹುತೇಕ ಡಿಸ್ಟಿಲರಿಗಳು ಸಿಂಗಲ್ ಮಾಲ್ಟ್ ಮಾರುವುದಕ್ಕಾಗಿ ನಡೆಯುತ್ತಿರಲಿಲ್ಲ. ಅವುಗಳ ಸ್ಪಿರಿಟ್, ಹಲವು ಡಿಸ್ಟಿಲರಿಗಳ ವಿಸ್ಕಿಗಳನ್ನು ಬೆರೆಸಿ ಮಾಡುವ ಬ್ಲೆಂಡೆಡ್ ವಿಸ್ಕಿಗಳಿಗೆ ಸೇರಲೆಂದೇ ತಯಾರಾಗುತ್ತಿತ್ತು. ಹೀಗಾಗಿ ಅದನ್ನು ಆಗಲೇ ಹಲವು ಬಾರಿ ಬಳಸಿ ಸೊರಗಿದ ಪೀಪಾಯಿಗಳಿಗೆ ತುಂಬಿಸುವುದು ಸಾಮಾನ್ಯವಾಗಿತ್ತು. ಅಂದು ಮಿತವ್ಯಯವಾಗಿದ್ದದ್ದು ಇಂದು ಸವಿಯುವವರ ಪಾಲಿಗೆ ಅದೃಷ್ಟವಾಗಿದೆ, ಏಕೆಂದರೆ ಸೊರಗಿದ ಪೀಪಾಯಿ ಮೂವತ್ತು ವರ್ಷಗಳಾದರೂ ಮೂಲ ಸ್ಪಿರಿಟ್‌ ಅನ್ನು ಪೂರ್ತಿಯಾಗಿ ಮುಚ್ಚಿಬಿಡುವುದಿಲ್ಲ. ಇದಕ್ಕೆ ವ್ಯತಿರಿಕ್ತ ಉದಾಹರಣೆಯೆಂದರೆ 2000ದಲ್ಲಿ ಉತ್ಪಾದನೆ ನಿಂತ ಜಪಾನಿನ ಕರುಯಿಜಾವಾ. ಅದರ ಹೆಸರುವಾಸಿ ಬಾಟಲಿಗಳಲ್ಲಿ ಹೆಚ್ಚಿನವು ಶೆರ್ರಿ ಎಂಬ ವೈನಿನ ಪೀಪಾಯಿಗಳಲ್ಲಿ ಮಾಗಿದವು. ಅಲ್ಲಿ ಪೀಪಾಯಿಯ ದನಿಯನ್ನು ಸರಿಸಿ ಸ್ಪಿರಿಟ್‌ನ ದನಿಯನ್ನು ಕೇಳಿಸಿಕೊಳ್ಳಲು ಹೆಚ್ಚು ತಾಳ್ಮೆ ಬೇಕು.

ಡಿಸ್ಟಿಲರಿಯ ಸ್ವಭಾವ ಅದರ ಸಲಕರಣೆಯಲ್ಲಿರುತ್ತದೆ. ರೋಸ್‌ಬ್ಯಾಂಕ್‌ನಲ್ಲಿ ಮೂರು ಬಾರಿ ಭಟ್ಟಿ ಇಳಿಸುತ್ತಿದ್ದರು, ಅದು ಸ್ಪಿರಿಟ್‌ ಅನ್ನು ಹಗುರಗೊಳಿಸಿ ಹೂವಿನತ್ತ ಒಯ್ಯುತ್ತದೆ. ಆದರೆ ಅದೇ ರೋಸ್‌ಬ್ಯಾಂಕ್‌ನಲ್ಲಿ ಆವಿಯನ್ನು ತಣಿಸಲು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ ಸುರುಳಿ ಕೊಳವೆಗಳಿದ್ದವು. ಆವಿಗೆ ತಾಮ್ರದ ಸಂಪರ್ಕ ಕಡಿಮೆ ಸಿಗುವ ಈ ಪದ್ಧತಿಯು ಸ್ಪಿರಿಟ್‌ಗೆ ಮೈ ತುಂಬಿಕೊಡುತ್ತದೆ. ಹೂವಿನಷ್ಟು ಹಗುರವಾದ ಪರಿಮಳ, ನಾಲಿಗೆಯ ಮೇಲೆ ಮಾತ್ರ ನಿರೀಕ್ಷೆಗಿಂತ ದಪ್ಪನೆಯ ಸ್ಪರ್ಶ ಎಂಬ ಈ ವಿರೋಧವೇ ರೋಸ್‌ಬ್ಯಾಂಕ್‌ನ ಗುರುತು. ಬ್ರೋರಾದ ವಿಷಯದಲ್ಲಿ ಇಸವಿಯೂ ಮುಖ್ಯ. 1819ರಲ್ಲಿ ಕ್ಲೈನ್‌ಲೀಶ್ ಎಂಬ ಹೆಸರಿನಲ್ಲಿ ಆರಂಭವಾದ ಈ ಡಿಸ್ಟಿಲರಿಯ ಪಕ್ಕದಲ್ಲಿಯೇ 1960ರ ದಶಕದ ಕೊನೆಯಲ್ಲಿ ಹೊಸ ಕ್ಲೈನ್‌ಲೀಶ್ ತಲೆಯೆತ್ತಿತು. ಬ್ಲೆಂಡ್‌ಗಳಿಗೆ ಐಲಾ ಮಾದರಿಯ ಹೊಗೆಯ ಮಾಲ್ಟ್ ಸಾಲದೆ ಹೋದಾಗ ಹಳೆಯದನ್ನು 1969ರಲ್ಲಿ ಮತ್ತೆ ಆರಂಭಿಸಿ, ಬ್ರೋರಾ ಎಂದು ಕರೆದು, 1973ರವರೆಗೆ ಮುಖ್ಯವಾಗಿ ಪೀಟ್ (ಜೌಗು ನೆಲದಿಂದ ಕಡಿದು ಉರಿಸುವ ಮಣ್ಣು) ಹೊಗೆ ತುಂಬಿದ ಮಾಲ್ಟ್ ತೆಗೆದರು. ಆದ್ದರಿಂದ 1972ರ ಬ್ರೋರಾದಲ್ಲಿ ಹೊಗೆಯನ್ನು ನಿರೀಕ್ಷಿಸಬೇಕು. 1981ರ ಬ್ರೋರಾದಲ್ಲಿ ಹೊಗೆ ಹಿಂದೆ ಸರಿದು ಜೇನುಮೇಣದ ಜಿಗುಟು ಮುಂದೆ ಬಂದಿದ್ದರೆ ಅದನ್ನು ಕೊರತೆಯೆಂದು ಎಣಿಸಬಾರದು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಬ್ರೋರಾ 2021ರಲ್ಲಿ, ರೋಸ್‌ಬ್ಯಾಂಕ್ 2023ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ತೆರೆದಿವೆ. ಹೀಗಾಗಿ ಇವುಗಳ ಹಳೆಯ ಬಾಟಲಿಗಳನ್ನು ಮುಚ್ಚಿದ ಡಿಸ್ಟಿಲರಿಯ ವಿಸ್ಕಿ ಎನ್ನುವುದಕ್ಕಿಂತ, ಮುಚ್ಚುವ ಮೊದಲಿನ ವಿಸ್ಕಿ ಎನ್ನುವುದು ಸರಿ. ಬ್ರೋರಾದ ಮೂಲ ಹಂಡೆಗಳನ್ನೇ ದುರಸ್ತಿ ಮಾಡಿ ಬಳಸಿದ್ದರೂ ಬಾರ್ಲಿ, ಯೀಸ್ಟ್, ಕೆಲಸದ ರೀತಿ ಇವೆಲ್ಲ ಬದಲಾಗಿರುವಾಗ ಹಳೆಯದು ಹಳೆಯದೇ.

ಬಾಟಲಿ ಮತ್ತು ಲೇಬಲ್

ಲೇಬಲ್ಲಿನಲ್ಲಿ ಎರಡು ಇಸವಿಗಳನ್ನು ಹುಡುಕಬೇಕು: ಭಟ್ಟಿ ಇಳಿಸಿದ್ದು ಮತ್ತು ಬಾಟಲಿಗೆ ತುಂಬಿದ್ದು. ವಿಸ್ಕಿಯ ವಯಸ್ಸು ಪೀಪಾಯಿಯಲ್ಲಿ ಕಳೆದ ಕಾಲ ಮಾತ್ರ. ಬಾಟಲಿಯಲ್ಲಿ ಎಷ್ಟು ವರ್ಷವಿದ್ದರೂ ಅದು ಸೇರುವುದಿಲ್ಲ. ಪೋರ್ಟ್ ಎಲೆನ್‌ನ ವಾರ್ಷಿಕ ಬಿಡುಗಡೆಗಳು 2001ರಲ್ಲಿ ಆರಂಭವಾದಾಗ ಬಂದ ಮೊದಲನೆಯದು 1979ರಲ್ಲಿ ಭಟ್ಟಿ ಇಳಿಸಿದ 22 ವರ್ಷದ ವಿಸ್ಕಿ. ಅದೇ 1979ರ ಸ್ಪಿರಿಟ್ 2017ರಲ್ಲಿ 37 ವರ್ಷದ್ದಾಗಿ ಹೊರಬಂತು. ಎರಡೂ ಒಂದೇ ಡಿಸ್ಟಿಲರಿಯದು, ಒಂದೇ ಇಸವಿಯದು, ಆದರೆ ಗ್ಲಾಸಿನಲ್ಲಿ ಎರಡು ಬೇರೆ ವಿಸ್ಕಿಗಳು. ಮೂಲ ಸ್ಪಿರಿಟ್‌ ಅನ್ನು ಅರಿಯಬೇಕಾದರೆ, ನನ್ನ ಅಭಿಪ್ರಾಯದಲ್ಲಿ, 20ರಿಂದ 25 ವರ್ಷದ ಬಾಟಲಿಯು 35 ದಾಟಿದ್ದಕ್ಕಿಂತ ಹೆಚ್ಚು ನೇರವಾಗಿ ಮಾತನಾಡುತ್ತದೆ, ಸಂಗ್ರಾಹಕರು ಇದನ್ನು ಒಪ್ಪುವುದು ಕಡಿಮೆ.

ಮದ್ಯಸಾರದ ಶೇಕಡಾವಾರನ್ನೂ ನೋಡಬೇಕು. ಸ್ಕಾಟ್ಲೆಂಡಿನ ಗೋದಾಮಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತದೆ, ಜೊತೆಗೆ ಮದ್ಯಸಾರದ ಪ್ರಮಾಣವೂ ಇಳಿಯುತ್ತದೆ. ಮೂವತ್ತು ವರ್ಷಗಳಲ್ಲಿ ಪೀಪಾಯಿ ಅರ್ಧಕ್ಕೆ ಹತ್ತಿರವಾಗುವುದು ಸಹಜ. ಶೇ. 40ಕ್ಕಿಂತ ಕೆಳಗಿಳಿದರೆ ಅದನ್ನು ಕಾನೂನಿನ ಪ್ರಕಾರ ಸ್ಕಾಚ್ ವಿಸ್ಕಿಯೆಂದು ಮಾರುವಂತಿಲ್ಲವಾದ್ದರಿಂದ ಶೇ. 41, 42ರಲ್ಲಿರುವ ಹಳೆಯ ಬಾಟಲಿಗಳು ಅಂಚಿನಲ್ಲಿ ಉಳಿಸಿಕೊಂಡವುಗಳಾಗಿರಬಹುದು. ಇಂಥವು ನಾಜೂಕಾದವು, ಇವಕ್ಕೆ ನೀರು ಬೇಡ. ಶೇ. 55ರ ಮೇಲಿನವು ನೀರಿಲ್ಲದೆ ತಮ್ಮನ್ನು ಪೂರ್ತಿ ತೋರಿಸುವುದಿಲ್ಲ.

ಗಾರ್ಡನ್ ಅಂಡ್ ಮ್ಯಾಕ್‌ಫೇಲ್, ಕೇಡನ್‌ಹೆಡ್, ಸಿಗ್ನೇಟರಿ ಮುಂತಾದ ಸ್ವತಂತ್ರ ಸಂಸ್ಥೆಗಳು ತಾವು ಕೊಂಡಿಟ್ಟಿದ್ದ ಪೀಪಾಯಿಗಳಿಂದ ಬಾಟಲಿ ಮಾಡಿರದಿದ್ದರೆ ಈ ಡಿಸ್ಟಿಲರಿಗಳಲ್ಲಿ ಹಲವು ಹೆಸರಿಲ್ಲದೆ ಹೋಗುತ್ತಿದ್ದವು. ಇಂಥ ಬಾಟಲಿಗಳಲ್ಲಿ ಹೆಸರಿನ ಗೊಂದಲವೂ ಉಂಟು. ಸೇಂಟ್ ಮ್ಯಾಗ್ಡಲೀನ್ ವಿಸ್ಕಿ ಲಿನ್‌ಲಿತ್‌ಗೋ ಎಂಬ ಹೆಸರಿನಲ್ಲಿಯೂ, ಗ್ಲೆನೆಸ್ಕ್ ವಿಸ್ಕಿ ಹಿಲ್‌ಸೈಡ್ ಎಂಬ ಹೆಸರಿನಲ್ಲಿಯೂ ಬಂದಿದೆ.

ನಕಲಿಯ ಬಗ್ಗೆ ಎಚ್ಚರ ಅನಿವಾರ್ಯ. 2018ರಲ್ಲಿ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳ ಪರಿಸರ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸಿದ 55 ಅಪರೂಪದ ಬಾಟಲಿಗಳಲ್ಲಿ 21 ಪೂರ್ತಿ ನಕಲಿ ಅಥವಾ ಹೇಳಿದ ಇಸವಿಗೆ ಸೇರದವು ಎಂದು ತಿಳಿದುಬಂತು. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿ ವಿಕಿರಣಶೀಲ ಇಂಗಾಲದ ಪ್ರಮಾಣವನ್ನು ಏರಿಸಿದವು, ಬಾರ್ಲಿ ಆ ಇಂಗಾಲವನ್ನು ಹೀರಿಕೊಂಡಿತು. ಹಾಗಾಗಿ ಮದ್ಯಸಾರದಲ್ಲಿರುವ ಇಂಗಾಲವನ್ನು ಅಳೆದು ಬಾರ್ಲಿ ಬೆಳೆದ ಕಾಲವನ್ನು ಅಂದಾಜಿಸಬಹುದು. ಅದಕ್ಕೆ ಹಿಂದಿನ ವರ್ಷ ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ 1878ರದೆಂದು ಮಾರಿದ, ಮೆಕಾಲನ್ ಡಿಸ್ಟಿಲರಿಯ ವಿಸ್ಕಿಯ ಒಂದು ಗುಟುಕು, ಇದೇ ಬಗೆಯ ಪರೀಕ್ಷೆಯಲ್ಲಿ, 1970ರ ದಶಕದ ಆರಂಭದ ಬ್ಲೆಂಡೆಡ್ ವಿಸ್ಕಿಯೆಂದು ಬಯಲಾಗಿತ್ತು. ಮನೆಯಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ. ಬಾಟಲಿ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ದಾಖಲೆ, ಕುತ್ತಿಗೆಯ ಮೇಲಿನ ಸೀಲು, ದ್ರವದ ಮಟ್ಟ, ಲೇಬಲ್ಲಿನ ಮುದ್ರಣ ಇವನ್ನು ಅದೇ ಬಿಡುಗಡೆಯ ಖಚಿತ ಬಾಟಲಿಯ ಚಿತ್ರದೊಂದಿಗೆ ಹೋಲಿಸಿ ನೋಡುವುದೇ ದಾರಿ. ಬಾಟಲಿಯ ಗಾತ್ರವೂ ಒಂದು ಸುಳಿವು: ಯುರೋಪಿನಲ್ಲಿ 1990ರ ದಶಕದ ಆರಂಭದಿಂದ 700 ಮಿಲಿಲೀಟರಿನ ಬಾಟಲಿ ನಿಯಮವಾಯಿತು, 750 ಮಿಲಿಲೀಟರಿನದಾದರೆ ಅದು ಆ ಮೊದಲಿನದ್ದಾಗಿರಬೇಕು ಅಥವಾ ಅಮೆರಿಕದಂಥ ಬೇರೆ ಮಾರುಕಟ್ಟೆಗೆ ಹೋದದ್ದಾಗಿರಬೇಕು.

ಬಿರಡೆ ತೆಗೆಯುವುದು

ವಿಸ್ಕಿ ಬಾಟಲಿಯನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿ ಇಡಬೇಕು. ವೈನಿನಂತೆ ಮಲಗಿಸಿದರೆ ಮದ್ಯಸಾರ ಬಿರಡೆಯನ್ನು ತಿನ್ನುತ್ತದೆ. ಆದರೆ ನೆಟ್ಟಗಿದ್ದ ಬಾಟಲಿಯ ಬಿರಡೆ ಇಪ್ಪತ್ತು ವರ್ಷಗಳಲ್ಲಿ ಒಣಗಿ ಪುಡಿಯಾಗುವ ಸ್ಥಿತಿಗೆ ಬಂದಿರುತ್ತದೆ. ತೆರೆಯುವ ಮೊದಲು ಬಾಟಲಿಯನ್ನು ಕೆಲವು ಕ್ಷಣ ಓರೆ ಮಾಡಿ ಬಿರಡೆಯ ತಳ ತೋಯುವಂತೆ ಮಾಡಿ, ಮತ್ತೆ ನಿಲ್ಲಿಸಿ, ಸ್ವಲ್ಪ ಹೊತ್ತಿನ ನಂತರ ಒಂದು ಕೈಯಲ್ಲಿ ಬಿರಡೆಯನ್ನು ಬಿಗಿಯಾಗಿ ಹಿಡಿದು ಇನ್ನೊಂದರಲ್ಲಿ ಬಾಟಲಿಯನ್ನು ನಿಧಾನವಾಗಿ ತಿರುಗಿಸಬೇಕು. ಬಿರಡೆಯನ್ನು ಜಗ್ಗಬಾರದು. ತುಂಡಾದರೆ ಒಳಗುಳಿದ ಭಾಗವನ್ನು ಸ್ಕ್ರೂ ಬಳಸಿ ಮೆಲ್ಲನೆ ತೆಗೆಯಬಹುದು. ಅದೂ ಕುಸಿದರೆ ಬಿಳುಪು ಮಾಡದ ಕಾಫಿ ಫಿಲ್ಟರ್ ಕಾಗದದ ಮೂಲಕ ವಿಸ್ಕಿಯನ್ನು ಸ್ವಚ್ಛವಾದ, ವಾಸನೆಯಿಲ್ಲದ ಗಾಜಿನ ಪಾತ್ರೆಗೆ ಸೋಸಿಕೊಳ್ಳಬೇಕು. ಫಿಲ್ಟರ್ ಕಾಗದವನ್ನು ಮೊದಲು ಬಿಸಿನೀರಿನಲ್ಲಿ ತೊಳೆದು ಒಣಗಿಸಿಕೊಳ್ಳದಿದ್ದರೆ ಕಾಗದದ ವಾಸನೆ ವಿಸ್ಕಿಗೆ ಸೇರುತ್ತದೆ. ಬೇರೊಂದು ಬಾಟಲಿಯ ಗಟ್ಟಿಯಾದ ಬಿರಡೆಯನ್ನು ತೊಳೆದು ಒಣಗಿಸಿ ಮೊದಲೇ ಸಿದ್ಧವಾಗಿಟ್ಟುಕೊಂಡಿರಬೇಕು. ಬಾಟಲಿ ತೆರೆದ ಸಂಭ್ರಮದಲ್ಲಿ ಇದನ್ನು ಯಾರೂ ಹುಡುಕುವುದಿಲ್ಲ.

ಗ್ಲಾಸು, ಜಾಗ, ಹೋಲಿಕೆಯ ವಿಸ್ಕಿ

ಕೆಳಗೆ ಉಬ್ಬಿ ಬಾಯಿ ಕಿರಿದಾದ ಗ್ಲಾಸು ಬೇಕು. ವಿಸ್ಕಿಗೆಂದೇ ಮಾಡಿದ ಗ್ಲೆನ್‌ಕೇರ್ನ್ ಅಥವಾ ಶೆರ್ರಿಗೆ ಬಳಸುವ ಕಾಂಡವಿರುವ ಕೊಪೀಟಾ ಎರಡೂ ಆಗುತ್ತವೆ. ಅಗಲ ಬಾಯಿಯ ಚಪ್ಪಟೆ ಗ್ಲಾಸು ಈ ಕೆಲಸಕ್ಕೆ ಪ್ರಯೋಜನವಿಲ್ಲ. ಗ್ಲಾಸನ್ನು ಸೋಪಿಲ್ಲದೆ ಬಿಸಿನೀರಿನಲ್ಲಿ ತೊಳೆದು ಆರಿಸಿ, ಬರಿಯ ಗ್ಲಾಸನ್ನೇ ಮೂಗಿನ ಬಳಿ ಹಿಡಿದು ನೋಡಬೇಕು: ಕಪಾಟಿನ ಮರದ ವಾಸನೆ ಅದರಲ್ಲಿ ಅಂಟಿಕೊಂಡಿದ್ದರೆ ಅದು ಮುಂದೆ ನಿಮ್ಮ ಟಿಪ್ಪಣಿಯಲ್ಲಿ ‘ಹಳೆಯ ಓಕ್’ ಆಗಿ ಕಾಣಿಸಿಕೊಳ್ಳುತ್ತದೆ. ಕೋಣೆಯಲ್ಲಿ ಅಡುಗೆಯ, ಧೂಪದ, ಅತ್ತರಿನ ವಾಸನೆ ಇರಬಾರದು. ಉಷ್ಣತೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಸಾಕು. ಐಸ್ ಬೇಡವೇ ಬೇಡ. ತಣ್ಣಗಾದ ವಿಸ್ಕಿ ಪರಿಮಳವನ್ನು ಬಿಟ್ಟುಕೊಡುವುದಿಲ್ಲ.

ಒಬ್ಬರಿಗೆ 15ರಿಂದ 20 ಮಿಲಿಲೀಟರ್ ಸಾಕು, ಅದಕ್ಕಿಂತ ಹೆಚ್ಚು ಸುರಿದುಕೊಳ್ಳುವುದರಿಂದ ಮೂಗು ಮಂದವಾಗುತ್ತದೆಯೇ ಹೊರತು ತಿಳಿವಳಿಕೆ ಹೆಚ್ಚುವುದಿಲ್ಲ.

ಇಡೀ ಕ್ರಮದಲ್ಲಿ ಬಹಳ ಮಂದಿ ಕೈಬಿಡುವ, ಆದರೆ ನಾನು ಅತ್ಯಂತ ಮುಖ್ಯವೆಂದು ಭಾವಿಸುವ ಹೆಜ್ಜೆಯೊಂದಿದೆ: ಅಪರೂಪದ ವಿಸ್ಕಿಯ ಪಕ್ಕದಲ್ಲಿ ಇಂದೂ ನಡೆಯುತ್ತಿರುವ ಬಂಧು ಡಿಸ್ಟಿಲರಿಯೊಂದರ ಸಾಮಾನ್ಯ ವಿಸ್ಕಿಯನ್ನು ಇಡುವುದು. ಬ್ರೋರಾದ ಪಕ್ಕದಲ್ಲಿ ಕ್ಲೈನ್‌ಲೀಶ್ 14 ವರ್ಷದ್ದು ಇರಲಿ. ಪೋರ್ಟ್ ಎಲೆನ್‌ನ ಪಕ್ಕದಲ್ಲಿ ಕೌಲೀಲಾ ಅಥವಾ ಲಾಗವೂಲಿನ್ ಇರಲಿ. ಪೋರ್ಟ್ ಎಲೆನ್ ಡಿಸ್ಟಿಲರಿ 1983ರಲ್ಲಿ ಮುಚ್ಚಿದರೂ ಅದರ ಪಕ್ಕದ, 1973ರಲ್ಲಿ ಆರಂಭವಾದ ದೊಡ್ಡ ಮಾಲ್ಟ್ ಕಾರ್ಖಾನೆ ಮುಚ್ಚದೆ ಐಲಾದ ಇತರ ಡಿಸ್ಟಿಲರಿಗಳಿಗೆ ಪೀಟ್ ಹೊಗೆಯ ಬಾರ್ಲಿಯನ್ನು ಪೂರೈಸುತ್ತ ಬಂತು. ರೋಸ್‌ಬ್ಯಾಂಕ್‌ಗೆ ನಿಜವಾದ ಬಂಧುಗಳಿಲ್ಲ; ಮೂರು ಬಾರಿ ಭಟ್ಟಿ ಇಳಿಸುವ ಆಕೆನ್‌ಟಾಶನ್ ಹತ್ತಿರದ್ದೆನ್ನಬಹುದು. ಹೋಲಿಕೆಯ ವಿಸ್ಕಿಯನ್ನು ಮೊದಲು ಸವಿಯಬೇಕು. ನಾಲಿಗೆ ಮದ್ಯಸಾರಕ್ಕೆ ಒಗ್ಗುತ್ತದೆ ಎಂಬುದು ಸಣ್ಣ ಲಾಭ. ಆ ಬಗೆಯ ಸ್ಪಿರಿಟ್ ಎಳೆಯದಾಗಿದ್ದಾಗ ಹೇಗಿರುತ್ತದೆ ಎಂಬ ನೆನಪು ಹಸಿಯಾಗಿರುವುದು ದೊಡ್ಡ ಲಾಭ: ಮುಂದಿನ ಗ್ಲಾಸಿನಲ್ಲಿ ಎರಡರಲ್ಲೂ ಸಮಾನವಾಗಿರುವುದನ್ನು ಸ್ಪಿರಿಟ್‌ನ ಲೆಕ್ಕಕ್ಕೂ, ಹಳೆಯದರಲ್ಲಿ ಮಾತ್ರ ಇರುವ ಸಿಹಿ, ಮೆರುಗು, ಒಗರುಗಳನ್ನು ಮರದ ಮತ್ತು ಕಾಲದ ಲೆಕ್ಕಕ್ಕೂ ಹಚ್ಚಬಹುದು.

ಮೂಗು

ಗ್ಲಾಸಿಗೆ ಸುರಿದ ಕೂಡಲೇ ಒಮ್ಮೆ ಮೂಸಿ, ಬಂದದ್ದನ್ನು ಬರೆದು, ಗ್ಲಾಸಿನ ಬಾಯಿಯನ್ನು ಚಿಕ್ಕ ಗಾಜಿನ ತಟ್ಟೆಯಿಂದ ಮುಚ್ಚಿ ಇಡಬೇಕು. ವಯಸ್ಸಿನ ಪ್ರತಿ ವರ್ಷಕ್ಕೆ ಒಂದು ನಿಮಿಷ ಕಾಯಬೇಕೆಂಬ ರೂಢಿಯ ಮಾತಿದೆ. ಇದರಲ್ಲಿ ವಿಜ್ಞಾನವೇನೂ ಇಲ್ಲ, ಆದರೆ ಮೂವತ್ತು ವರ್ಷದ ವಿಸ್ಕಿಗೆ ಅರ್ಧ ಗಂಟೆ ಕೊಡುವುದರಿಂದ ನಷ್ಟವಿಲ್ಲ. ಬಹಳ ಕಾಲ ಬಾಟಲಿಯಲ್ಲಿದ್ದ ವಿಸ್ಕಿಯಲ್ಲಿ ಮೊದಲಿಗೆ ಮುಗ್ಗಲು, ಹಳೆಯ ನಾಣ್ಯದಂಥ ಲೋಹದ ವಾಸನೆ, ಒದ್ದೆ ರಟ್ಟಿನ ವಾಸನೆ ಕಾಣಿಸಿಕೊಳ್ಳುವುದುಂಟು. ಈ ಹೊತ್ತಿನಲ್ಲಿ ತೀರ್ಪು ಕೊಟ್ಟುಬಿಡುವವರು ಹಲವರು. ಅರ್ಧ ಗಂಟೆಯಲ್ಲಿ ಇದು ಹೊರಟುಹೋದರೆ ಬಾಟಲಿಯ ಪ್ರಭಾವವೆಂದೂ, ಹೋಗದೆ ಗಟ್ಟಿಯಾಗುತ್ತ ಹೋದರೆ ಬಿರಡೆ ಕೆಟ್ಟಿದೆಯೆಂದೂ ಎಣಿಸಬಹುದು.

ಮತ್ತೆ ಮೂಸುವಾಗ ಗ್ಲಾಸನ್ನು ಗಿರಗಿರನೆ ತಿರುಗಿಸಬಾರದು. ಅದು ವೈನಿಗೆ ಹೊಂದುತ್ತದೆ, ಇಲ್ಲಿ ಮದ್ಯಸಾರವನ್ನು ಮೇಲೆಬ್ಬಿಸಿ ಮೂಗನ್ನು ಸುಡುತ್ತದೆ. ಗ್ಲಾಸನ್ನು ಒಮ್ಮೆ ಓರೆ ಮಾಡಿ ಒಳಗೋಡೆ ತೋಯಿಸಿದರೆ ಸಾಕು. ಬಾಯಿಯನ್ನು ತುಸು ತೆರೆದು, ಗ್ಲಾಸನ್ನು ಎದೆಯ ಮಟ್ಟದಿಂದ ನಿಧಾನವಾಗಿ ಮೇಲಕ್ಕೆ ತರಬೇಕು. ಪರಿಮಳ ಮೊದಲು ತಾಗುವ ಎತ್ತರದಲ್ಲಿ ನಿಲ್ಲಿಸಬೇಕು. ಗ್ಲಾಸಿನ ಅಂಚಿನ ಮೇಲ್ಭಾಗದಲ್ಲಿ ಹಗುರವಾದ ಹಣ್ಣು, ಹೂವು ಸಿಗುತ್ತವೆ, ಕೆಳ ಅಂಚಿನಲ್ಲಿ ಭಾರವಾದ ಮರ, ಮೇಣ, ಹೊಗೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಮೂಸಿದರೆ ಮೂಗು ಆ ವಾಸನೆಗೆ ಒಗ್ಗಿ ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ಆಗ ಗ್ಲಾಸು ಬದಿಗಿಟ್ಟು ನೀರನ್ನೋ ತನ್ನದೇ ಮುಂಗೈಯನ್ನೋ ಮೂಸಿ ಮರಳಬೇಕು.

ಮೊದಲ ಸುತ್ತಿನಲ್ಲಿ ಮರವನ್ನು ಎಣಿಸಿ ಮುಗಿಸಿಬಿಡುವುದು ನಾನು ಸೂಚಿಸುವ ಉಪಾಯ. ವೆನಿಲ್ಲಾ, ತೆಂಗಿನಕಾಯಿ, ಲವಂಗ, ಜೇನು, ಸೀಡಾರ್ ಮರ, ಒಣಗಿದ ಕಿತ್ತಳೆ ಸಿಪ್ಪೆ ಇವುಗಳನ್ನೆಲ್ಲ ಹೆಸರಿಸಿ ಬರೆಯಿರಿ. ತೆಂಗಿನಕಾಯಿಯ ವಾಸನೆ ಓಕ್ ಮರದ ಲ್ಯಾಕ್ಟೋನ್‌ನಿಂದ, ವೆನಿಲ್ಲಾ ಮರದ ಲಿಗ್ನಿನ್ ಒಡೆದು ಹುಟ್ಟುವ ವೆನಿಲಿನ್‌ನಿಂದ ಬರುತ್ತದೆ. ಇವು ಯಾವ ಡಿಸ್ಟಿಲರಿಯ ಸ್ವತ್ತೂ ಅಲ್ಲ. ಎರಡನೆಯ ಸುತ್ತಿನಲ್ಲಿ ಬರೆದದ್ದನ್ನು ಮತ್ತೆ ಹುಡುಕದೆ, ಉಳಿದದ್ದೇನು ಎಂದು ಕೇಳಬೇಕು. ಬ್ರೋರಾದಲ್ಲಿ ಆಗಷ್ಟೇ ನಂದಿಸಿದ ಮೇಣದಬತ್ತಿಯ ಬತ್ತಿ, ತೋಯ್ದ ಉಣ್ಣೆ, ಕೊಟ್ಟಿಗೆಯ ಒಣಹುಲ್ಲು. ಪೋರ್ಟ್ ಎಲೆನ್‌ನಲ್ಲಿ ತಣ್ಣಗಾದ ಬೂದಿ, ಕಡಲ ದಂಡೆಯ ಹಗ್ಗ ಮತ್ತು ಡಾಂಬರು, ಅವುಗಳ ಕೆಳಗೆ ಚುರುಕಾದ ನಿಂಬೆ. ಸೇಂಟ್ ಮ್ಯಾಗ್ಡಲೀನ್‌ನಲ್ಲಿ ಹುಲ್ಲು, ಧಾನ್ಯ ಹಾಗೂ ಸುಲಭಕ್ಕೆ ಬಗ್ಗದ ಒಂದು ಒಣಗುಣ. ಹೊಗೆಯ ತೀಕ್ಷ್ಣತೆ ಪೀಪಾಯಿಯಲ್ಲಿ ವರ್ಷ ಕಳೆದಂತೆ ಇಳಿಯುತ್ತದೆ ಎಂಬುದು ನೆನಪಿರಲಿ: ಔಷಧಿಯಂತೆ ಕಟುವಾಗಿದ್ದದ್ದು ಮೂವತ್ತು ವರ್ಷಗಳಲ್ಲಿ ಹಣ್ಣಿನೊಂದಿಗೆ ಬೆರೆತು, ಹೊಗೆ ಯಾವುದು ಹಣ್ಣು ಯಾವುದು ಎಂದು ಬಿಡಿಸಲಾಗದಷ್ಟು ಹದವಾಗಿರುತ್ತದೆ. ಎಳೆಯ ಐಲಾ ವಿಸ್ಕಿಗಳಿಗೆ ಒಗ್ಗಿದವರು ಇದನ್ನು ನೀರಸವೆಂದು ತಳ್ಳಿಬಿಡುವ ಸಾಧ್ಯತೆಯಿದೆ.

ಬೇರೆಯವರ ಟಿಪ್ಪಣಿಗಳನ್ನು ಮುಂಚಿತವಾಗಿ ಓದಬಾರದು, ಓದಿದರೆ ಮೂಗು ಅದನ್ನೇ ಹುಡುಕುತ್ತದೆ. ಎಂದೂ ಕಂಡಿರದ ಹೀದರ್ ಹೂವಿನ ಹೆಸರನ್ನು ಟಿಪ್ಪಣಿಯಲ್ಲಿ ಬರೆಯುವುದಕ್ಕಿಂತ ತನಗೆ ನಿಜವಾಗಿ ನೆನಪಾದದ್ದನ್ನು, ಅದು ಎಷ್ಟೇ ವಿಚಿತ್ರವಾಗಿ ಕಂಡರೂ, ಬರೆಯುವುದು ಮೇಲು.

ನಾಲಿಗೆ

ಮೊದಲ ಗುಟುಕು ತೀರ ಚಿಕ್ಕದಾಗಿರಬೇಕು, ಅದು ಬಾಯಿಗೆ ಒಗ್ಗಿಸಲು ಮಾತ್ರ. ಎರಡನೆಯ ಗುಟುಕನ್ನು ಎರಡು ಮೂರು ಮಿಲಿಲೀಟರಿನಷ್ಟು ತೆಗೆದುಕೊಂಡು, ನಾಲಿಗೆಯ ಕೆಳಗೂ ಹರಿಯುವಂತೆ ಹತ್ತು ಹದಿನೈದು ಸೆಕೆಂಡು ಬಾಯಲ್ಲಿ ಹಿಡಿದಿಡಬೇಕು. ಮೊದಲು ಗಮನಿಸಬೇಕಾದದ್ದು ರುಚಿಗಿಂತ ಸ್ಪರ್ಶವನ್ನು: ಎಣ್ಣೆಯಂತೆ ಹೊದ್ದುಕೊಳ್ಳುತ್ತದೆಯೋ, ಮೇಣದಂತೆ ಹಿಡಿಯುತ್ತದೆಯೋ, ನೀರಿನಂತೆ ಜಾರುತ್ತದೆಯೋ ಎಂಬುದನ್ನು. ಪರಿಮಳವನ್ನು ಪೀಪಾಯಿ ಬಹಳಷ್ಟು ಬದಲಿಸಬಲ್ಲದು, ಸ್ಪರ್ಶವನ್ನು ಅಷ್ಟಾಗಿ ಬದಲಿಸಲಾರದು. ಆದ್ದರಿಂದ ಡಿಸ್ಟಿಲರಿಯನ್ನು ಹುಡುಕುವವರಿಗೆ ಬಾಯಲ್ಲಿನ ಸ್ಪರ್ಶವೇ ನಂಬಿಕೆಯ ಸಾಕ್ಷಿ.

ನನ್ನ ಅನುಭವದಲ್ಲಿ ಹಳೆಯ ವಿಸ್ಕಿಯ ರುಚಿ ಮೂರು ಹಂತಗಳಲ್ಲಿ ಬರುತ್ತದೆ. ಮೊದಲಿಗೆ ಮರದ ಸಿಹಿ, ಕೊನೆಗೆ ಮರದ ಒಗರು. ನಡುವೆ ಕೆಲವೇ ಸೆಕೆಂಡು ಎರಡೂ ಹಿಂದೆ ಸರಿದಾಗ ಸ್ಪಿರಿಟ್ ತನ್ನನ್ನು ತೋರಿಸಿಕೊಳ್ಳುತ್ತದೆ. ಗುಟುಕನ್ನು ಬೇಗ ನುಂಗಿದವರಿಗೆ ಈ ನಡುವಿನ ಭಾಗ ತಪ್ಪಿಹೋಗುತ್ತದೆ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು. ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುವ ಪರಿಮಳ, ಗ್ಲಾಸಿನಿಂದ ನೇರವಾಗಿ ಮೂಸಿದ್ದಕ್ಕಿಂತ ಬೇರೆಯಾಗಿರುತ್ತದೆ, ಹೊಗೆ ಬಹುಮಟ್ಟಿಗೆ ಇಲ್ಲಿಯೇ ಸ್ಪಷ್ಟವಾಗುತ್ತದೆ.

ಒಗರಿನ ಬಗ್ಗೆ ನಿಷ್ಠುರವಾಗಿರಬೇಕು. ಹೆಚ್ಚು ಕಾಲ ಪೀಪಾಯಿಯಲ್ಲಿದ್ದ ವಿಸ್ಕಿಯಲ್ಲಿ ಮರದ ಟ್ಯಾನಿನ್ ಎಂಬ ಒಗರಿನ ಅಂಶ ಸೇರಿ ಬಾಯಿ ಒಣಗಿಸುವುದುಂಟು. ಸ್ವಲ್ಪ ಒಗರು ಸಿಹಿಗೆ ಬೆನ್ನೆಲುಬಾಗುತ್ತದೆ. ನಾಲಿಗೆಯ ಬದಿಗಳು ಬಿಗಿದುಕೊಂಡು, ಬೇರೆಲ್ಲ ಮಾಯವಾಗಿ, ಮರದ ಹೊಟ್ಟಿನ ರುಚಿಯೊಂದೇ ನಿಂತರೆ ಆ ಪೀಪಾಯಿಯನ್ನು ತಡವಾಗಿ ಖಾಲಿ ಮಾಡಿದ್ದಾರೆ ಎಂದೇ ಅರ್ಥ. ಡಿಸ್ಟಿಲರಿ ಮುಚ್ಚಿದೆ ಎಂಬ ಕಾರಣಕ್ಕೆ ಅದರ ಎಲ್ಲ ಪೀಪಾಯಿಗಳೂ ಶ್ರೇಷ್ಠವಾಗಿರಲಿಲ್ಲ. ಸಾಧಾರಣವಾದದ್ದನ್ನು ಸಾಧಾರಣವೆಂದು ಬರೆಯುವ ಧೈರ್ಯವಿಲ್ಲದಿದ್ದರೆ ಟಿಪ್ಪಣಿ ಬರೆಯುವ ಅಗತ್ಯವೂ ಇಲ್ಲ.

ನೀರು

ನೀರು ಬೇಕೇ ಬೇಡವೇ ಎಂಬ ವಾದಕ್ಕೆ ರಸಾಯನಶಾಸ್ತ್ರದಿಂದ ಸ್ವಲ್ಪ ಬೆಳಕು ಸಿಕ್ಕಿದೆ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಕಂಪ್ಯೂಟರ್ ಮಾದರಿಗಳ ಮೂಲಕ, ಹೊಗೆಯ ಗುಣ ಕೊಡುವ ಗ್ವಾಯಕಾಲ್ ಎಂಬ ಅಣು ನೀರು ಮತ್ತು ಮದ್ಯಸಾರದ ಮಿಶ್ರಣದಲ್ಲಿ ಎಲ್ಲಿರುತ್ತದೆ ಎಂದು ಪರಿಶೀಲಿಸಿದರು. ಮದ್ಯಸಾರ ಶೇ. 45ರವರೆಗೆ ಇರುವಾಗ ಅದು ಮೇಲ್ಮೈಯ ಬಳಿ ಸೇರುತ್ತದೆ, ಶೇ. 59ಕ್ಕಿಂತ ಹೆಚ್ಚಾದಾಗ ಮದ್ಯಸಾರದಿಂದ ಸುತ್ತುವರಿದು ದ್ರವದೊಳಕ್ಕೆ ಸರಿಯುತ್ತದೆ ಎಂದು ಅವರು ಕಂಡರು. ಮೇಲ್ಮೈಯಲ್ಲಿದ್ದರೆ ಮೂಗಿಗೆ ತಲುಪುವುದು ಸುಲಭ. ಶೇ. 57ರ ಪೋರ್ಟ್ ಎಲೆನ್‌ಗೆ ಕೆಲವು ಹನಿ ನೀರು ಹಾಕಿದಾಗ ಹೊಗೆ ಕಡಿಮೆಯಾಗುವ ಬದಲು ಎದ್ದು ಬಂದಂತೆ ಅನಿಸುವುದು ಇದಕ್ಕೆ ಹೊಂದಿಕೊಳ್ಳುತ್ತದೆ.

ಗ್ಲಾಸಿನಲ್ಲಿರುವುದನ್ನು ಮೊದಲು ಎರಡು ಭಾಗ ಮಾಡಿ, ಒಂದಕ್ಕೆ ಮಾತ್ರ ನೀರು ಹಾಕಬೇಕು. ಹಾಕಿದ ನೀರನ್ನು ಮರಳಿ ತೆಗೆಯಲಾಗುವುದಿಲ್ಲ. ಲವಣಾಂಶ ಕಡಿಮೆಯಿರುವ, ಕ್ಲೋರಿನ್ ವಾಸನೆಯಿಲ್ಲದ, ಕೋಣೆಯ ಉಷ್ಣತೆಯ ನೀರನ್ನು ಡ್ರಾಪರಿನಿಂದ ಎರಡು ಮೂರು ಹನಿ ಬಿಟ್ಟು, ಐದು ನಿಮಿಷ ಕಾದು, ಮೂಸಿ, ಬೇಕೆನಿಸಿದರೆ ಇನ್ನಷ್ಟು ಬಿಡಬೇಕು. ವೃತ್ತಿನಿರತ ಬ್ಲೆಂಡರುಗಳು, ಅಂದರೆ ವಿಸ್ಕಿಗಳನ್ನು ಆರಿಸಿ ಬೆರೆಸುವವರು, ವಿಸ್ಕಿಯನ್ನು ಶೇ. 20ರ ಆಸುಪಾಸಿಗೆ ಇಳಿಸಿ ಮೂಸುವ ಪದ್ಧತಿಯಿದೆ, ಏಕೆಂದರೆ ಅಷ್ಟು ತೆಳುವಾದಾಗ ದೋಷಗಳು ಅಡಗಿಕೊಳ್ಳಲಾರವು. ಆದರೆ ಅವರ ಉದ್ದೇಶ ಪೀಪಾಯಿಗಳನ್ನು ಆರಿಸುವುದು. ನೀರು ಬಿಟ್ಟಾಗ ದ್ರವ ತುಸು ಮಂಜಾದರೆ ಗಾಬರಿ ಬೇಡ. ತಣಿಸಿ ಸೋಸದ ವಿಸ್ಕಿಯಲ್ಲಿರುವ ಎಸ್ಟರುಗಳು ಮತ್ತು ಕೊಬ್ಬಿನ ಅಂಶಗಳು ಹೀಗೆ ಬೇರ್ಪಡುತ್ತವೆ, ಅದು ಒಳ್ಳೆಯ ಲಕ್ಷಣವೇ.

ಹೆಸರಿನ ಭಾರ

ಡಿಸ್ಟಿಲರಿಯ ಹೆಸರು ಗೊತ್ತಿದ್ದಾಗ ನಾಲಿಗೆ ನಿಷ್ಪಕ್ಷವಾಗಿರುವುದು ಕಷ್ಟ. ಮೂರು ನಾಲ್ಕು ಜನ ಸೇರಿದ್ದರೆ ಒಬ್ಬರು ಗ್ಲಾಸುಗಳ ತಳದಲ್ಲಿ ಗುರುತು ಹಾಕಿ, ಅಪರೂಪದ್ದನ್ನೂ ಹೋಲಿಕೆಯದನ್ನೂ, ಸಾಧ್ಯವಾದರೆ ಬೇರೊಂದು ಡಿಸ್ಟಿಲರಿಯ ಅಷ್ಟೇ ವಯಸ್ಸಿನ ಮೂರನೆಯದನ್ನೂ, ಸಾಲಾಗಿ ಸುರಿದು ಕೊಡಲಿ. ಮೊದಲ ಹತ್ತು ನಿಮಿಷ ಯಾರೂ ಮಾತನಾಡದೆ ತಮ್ಮ ತಮ್ಮ ಟಿಪ್ಪಣಿ ಬರೆಯಲಿ, ಒಬ್ಬರು ‘ಮೇಣ’ ಎಂದ ಕೂಡಲೇ ಉಳಿದವರಿಗೂ ಮೇಣವೇ ಸಿಗತೊಡಗುತ್ತದೆ. ಅಷ್ಟೇ ವಯಸ್ಸಿನ ಮೂರನೆಯ ವಿಸ್ಕಿ ಇಲ್ಲಿ ನಿಜವಾದ ಪರೀಕ್ಷೆ. ಅದಕ್ಕೂ ಮುಚ್ಚಿದ ಡಿಸ್ಟಿಲರಿಯದಕ್ಕೂ ವ್ಯತ್ಯಾಸ ಸಿಗದಿದ್ದರೆ ನಮ್ಮನ್ನು ಸೆಳೆದದ್ದು ಮರವೇ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಒಂಟಿಯಾಗಿ ಸವಿಯುವವರು ಒಂದೇ ದಿನದ ಟಿಪ್ಪಣಿಯನ್ನು ನಂಬದೆ, ಕೆಲವು ವಾರಗಳ ಅಂತರದಲ್ಲಿ ಇನ್ನೊಮ್ಮೆ ಚಿಕ್ಕ ಪ್ರಮಾಣದಲ್ಲಿ ಸವಿದು ಎರಡನ್ನೂ ಹೋಲಿಸಬೇಕು. ಖಾಲಿ ಗ್ಲಾಸನ್ನು ತೊಳೆಯದೆ ಇರಿಸಿ ಮರುದಿನ ಬೆಳಿಗ್ಗೆ ಮೂಸುವುದೂ ಉಪಯುಕ್ತ: ಮದ್ಯಸಾರ ಹಾರಿಹೋದ ಮೇಲೆ ಗಾಜಿಗೆ ಅಂಟಿ ಉಳಿಯುವ ಹೊಗೆ, ಧಾನ್ಯ, ಮರಗಳ ಪ್ರಮಾಣ ಹಿಂದಿನ ದಿನ ಊಹಿಸಿದ್ದಕ್ಕಿಂತ ಬೇರೆಯಾಗಿರುವುದು ಅಪರೂಪವೇನಲ್ಲ.

ಉಳಿದ ವಿಸ್ಕಿ

ತೆರೆದ ಬಾಟಲಿಯಲ್ಲಿ ವಿಸ್ಕಿ ಕಡಿಮೆಯಾದಷ್ಟೂ ಗಾಳಿ ಹೆಚ್ಚುತ್ತದೆ, ಹಳೆಯ ನಾಜೂಕು ವಿಸ್ಕಿ ಗಾಳಿಗೆ ಬೇಗ ಸೋಲುತ್ತದೆ. ಬಾಟಲಿ ಅರ್ಧಕ್ಕೆ ಬಂದಾಗಲೇ ಉಳಿದದ್ದನ್ನು ಸ್ವಚ್ಛವಾದ, ಬಿಗಿಯಾದ ತಿರುಪು ಮುಚ್ಚಳವಿರುವ ಚಿಕ್ಕ ಗಾಜಿನ ಶೀಶೆಗಳಿಗೆ ಕುತ್ತಿಗೆಯವರೆಗೆ ತುಂಬಿಸಬೇಕು; ಮುಚ್ಚಳದ ಒಳಪದರ ರಬ್ಬರಿನದಾಗಿದ್ದರೆ ವಾಸನೆ ಹಿಡಿಯುತ್ತದೆ, ಆದ್ದರಿಂದ ಅದನ್ನು ನೋಡಿ ಆರಿಸಿಕೊಳ್ಳಬೇಕು. ದೊಡ್ಡ ಬಾಟಲಿಯಲ್ಲೇ ಇಡುವುದಾದರೆ ಪ್ರತಿ ಬಾರಿ ಮುಚ್ಚುವ ಮೊದಲು ಆರ್ಗಾನ್ ಅನಿಲವನ್ನು ಸಿಂಪಡಿಸಬಹುದು. ಶೀಶೆಗಳ ಮೇಲೆ ಡಿಸ್ಟಿಲರಿ, ಭಟ್ಟಿ ಇಳಿಸಿದ ಇಸವಿ, ಬಾಟಲಿ ಮಾಡಿದ ಇಸವಿ, ಶೇಕಡಾವಾರು, ಬಾಟಲಿ ತೆರೆದ ದಿನ ಇಷ್ಟನ್ನೂ ಬರೆದು, ಬೆಳಕು ಬೀಳದ ತಣ್ಣನೆಯ ಕಪಾಟಿನಲ್ಲಿ ನಿಲ್ಲಿಸಬೇಕು. ಅವುಗಳಲ್ಲಿ ಒಂದನ್ನು, ಲೇಬಲ್ಲಿನ ಬದಲು ಬರಿಯ ಸಂಖ್ಯೆ ಅಂಟಿಸಿ, ಒಳ್ಳೆಯ ಮೂಗಿರುವ ಗೆಳೆಯರಿಗೆ ಕೊಟ್ಟು, ಅವರು ಏನನ್ನು ಕಂಡರೆಂದು ಬರೆದು ಕಳಿಸಲು ಕೇಳುವುದು ಒಳ್ಳೆಯದು. ಶೀಶೆಯಲ್ಲೇನಿತ್ತೆಂದು ಅವರ ಉತ್ತರ ಬಂದ ಮೇಲೆ ತಿಳಿಸಬಹುದು.